ಹಸುಕಿವಿ ದೇವಿಯ ಗಿಲಕಿ

ಸೂಜಿ ಕಳೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಏಣಿ ಕಳೆದವನು ಯತಿರಾಜ ಒಬ್ಬನೇ.

ಅದೂ ಸಣ್ಣ ಏಣಿಯಲ್ಲ. ಮದುವೆ ಮಂಟಪದ ಚಾವಣಿಗೆ ಹೂವು ಕಟ್ಟಲು ತಂದಿದ್ದ, ಇಬ್ಬರು ಹಿಡಿದು ಹೊರಬೇಕಾದ ಅಲ್ಯೂಮಿನಿಯಂ ಏಣಿ. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಸಾಗಿಸುವಾಗ ಅದನ್ನು ಕಳೆದಿದ್ದ. ಹೇಗೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಅದಕ್ಕೆ ಮೊದಲು ಕೆಂಪು ರತ್ನಗಂಬಳಿಯ ಒಂದು ಸುರುಳಿ, ಅದಕ್ಕೂ ಮೊದಲು ಯಾವುದೋ ಮದುಮಗನ ಎಡಗಾಲಿನ ಬೂಟು. ಕತಾರ್‌ನ ಲುಸೈಲ್‌ನಲ್ಲಿ ಮದುವೆ ಮುಂಜಿಗಳನ್ನು ನಡೆಸಿಕೊಡುವ ಕಂಪನಿಯೊಂದರಲ್ಲಿ ಅವನು ಸಾಮಾನು ಸರಂಜಾಮಿನ ಉಸ್ತುವಾರಿ. ನಂಜನಗೂಡಿನ ಕಡೆಯವನು, ನಲವತ್ತು ದಾಟಿದವನು, ಕರೆದರೆ ಓಗೊಡುವವನು. ಅಷ್ಟು ಒಳ್ಳೆಯವನನ್ನು ಕೆಲಸದಿಂದ ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಆದರೆ ಏಣಿ ಹೋದ ಮೇಲೆ ಅವನ ಕೈಗೆ ಯಾರೂ ಒಂದು ಸ್ಟೇಪ್ಲರನ್ನೂ ಕೊಟ್ಟಿರಲಿಲ್ಲ.

ಆದ್ದರಿಂದ ಗುರುವಾರ ಆಫೀಸು ಮುಚ್ಚುವ ಹೊತ್ತಿಗೆ ಮ್ಯಾನೇಜರ್ ಶೌಕಿ ಅವನನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ ಇಟ್ಟಾಗ ಯತಿರಾಜ ಎರಡು ಹೆಜ್ಜೆ ಹಿಂದೆ ಸರಿದ.

ಶೌಕಿ ಈಜಿಪ್ಟಿನವನು. ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ. ಪೆಟ್ಟಿಗೆಯ ಒಳಗೆ ಹತ್ತಿಯ ಮೇಲೆ ಕಪ್ಪಿಟ್ಟ ಹಿತ್ತಾಳೆಯ ವಸ್ತುವೊಂದು ಮಲಗಿತ್ತು. ಕೆಳಗೆ ಹಿಡಿ. ಹಿಡಿಯ ತುದಿಯಲ್ಲಿ ಒಂದು ಹೆಣ್ಣಿನ ಮುಖ. ಮುಖವೇನೋ ಚೆಲುವೆಯದು, ಕಿವಿಗಳು ಮಾತ್ರ ಹಸುವಿನವು. ಅವಳ ನೆತ್ತಿಯ ಮೇಲೆ ಕುದುರೆ ಲಾಳವನ್ನು ಬೋರಲು ಹಾಕಿದಂಥ ಕಮಾನು. ಕಮಾನಿಗೆ ಅಡ್ಡಲಾಗಿ ತೂರಿಸಿದ ಸರಳುಗಳು, ಸರಳುಗಳಲ್ಲಿ ಪೋಣಿಸಿದ ಪುಟ್ಟ ಬಿಲ್ಲೆಗಳು.

ಶೌಕಿ ಅದನ್ನು ಎತ್ತಿ ಅಲ್ಲಾಡಿಸಿದ. ಶ್ಶ್‌ಝಲ್ ಎಂದಿತು.

"ಇದು ಸಿಸ್ಟ್ರಮ್. ನಮ್ಮ ಪುರಾತನರ ಗಿಲಕಿ. ಹಾಥೋರ್ ದೇವಿಯ ಗುಡಿಯಲ್ಲಿ ಪೂಜಾರಿಣಿಯರು ಇದನ್ನು ಆಡಿಸ್ತಿದ್ರು. ನೀರಿನ ಅಂಚಲ್ಲಿ ಜೊಂಡು ಗಾಳಿಗೆ ಆಡಿದ ಹಾಗೆ ಸದ್ದು ಬರಬೇಕು. ಅವರ ಭಾಷೆಯಲ್ಲಿ ಸೆಶೆಶೆತ್ ಅಂತಿದ್ರಂತೆ."

"ತುಂಬಾ ಹಳೇದಾ ಸರ್?"

"ಹೆದರಬೇಡ, ಗೋರಿಯಿಂದ ಅಗೆದದ್ದಲ್ಲ. ಹಳೇದನ್ನ ನೋಡಿ ಲಕ್ಸರ್‌ನ ಕುಶಲಕರ್ಮಿ ಒಬ್ಬ ಮಾಡಿದ್ದು. ನಾಳೆ ನಮ್ಮದೊಂದು ಮದುವೆ ಇದೆಯಲ್ಲ, ಆ ಮದುಮಗಳ ಅಜ್ಜಿಯದು. ಅಜ್ಜಿಗೆ ಇದು ಅಂದ್ರೆ ಪ್ರಾಣ. ಪಾಲಿಶ್ ಆಗಬೇಕಂತೆ. ನಿಮ್ಮ ಇಂಡಿಯಾದವರಿಗೆ ಹಿತ್ತಾಳೆ ತಿಕ್ಕೋದು ಗೊತ್ತಲ್ಲ? ಮನೆಗೆ ತಗೊಂಡು ಹೋಗು."

"ನನ್ನ ಕೈಗೆ ಕೊಡ್ತಾ ಇದೀರಾ ಸರ್?"

"ಚೆನ್ನಾಗಿ ಯೋಚನೆ ಮಾಡಿ ನಿನ್ನ ಕೈಗೇ ಕೊಡ್ತಾ ಇದೀನಿ, ಹಬೀಬಿ. ಅವಸರ ಏನೂ ಇಲ್ಲ, ನಿಧಾನಕ್ಕೆ ತಿಕ್ಕು. ನಾಳೆ ನಾನು ಬಿಜಿ, ಇದರ ಸಲುವಾಗಿ ಫೋನ್ ಮಾಡಬೇಡ. ಯಲ್ಲಾ, ಹೊರಡು."

ಯತಿರಾಜನ ಕಣ್ಣು ತೇವವಾಯಿತು. ಅವಸರವಿಲ್ಲ ಎಂದದ್ದು ದೊಡ್ಡವರ ಸೌಜನ್ಯ ಎಂದು ಅವನು ಅರ್ಥ ಮಾಡಿಕೊಂಡ. ಮದುವೆ ಶುಕ್ರವಾರ ಸಂಜೆ. ಅಜ್ಜಿಯ ಪ್ರಾಣ ಅಂದಮೇಲೆ ಸಂಜೆಗೆ ಅದು ಅಜ್ಜಿಯ ಕೈಯಲ್ಲಿರಬೇಕು. ಇದೊಂದು ಸಲ, ಇದೊಂದನ್ನು ಮಾತ್ರ ಕಳೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕಾರು ಓಡಿಸಿದ.

ಅವನ ಮನೆ ಅಲ್ ಗರಾಫಾದ ಒಂದು ಅಪಾರ್ಟ್‌ಮೆಂಟಿನಲ್ಲಿ. ಬೆಳಿಗ್ಗೆ ಕಾಫಿ ಕುಡಿಯುತ್ತ ಹೆಂಡತಿ ಅರುಂಧತಿ ಪೆಟ್ಟಿಗೆಯನ್ನೂ ಗಂಡನನ್ನೂ ಸರದಿಯ ಮೇಲೆ ನೋಡಿದಳು.

"ನಿಮ್ಮ ಕೈಗೆ ಕೊಟ್ರಾ? ಅವ್ರಿಗೆ ಏಣಿ ವಿಷ್ಯ ಮರೆತುಹೋಯ್ತಾ?"

"ಏಣಿ ನೆನಪಿದ್ದೂ ಕೊಟ್ರು ಕಣೇ. ನಂಬಿಕೆ ಅಂದ್ರೆ ಅದು."

ಈ ಮಾತಿಗೆ ಅರುಂಧತಿಯ ಮನಸ್ಸು ಕರಗಿತು. ಗಂಡನ ಮರ್ಯಾದೆಯ ಪ್ರಶ್ನೆ ಎಂದು ಅವಳು ಹುಣಸೆಹಣ್ಣು, ಉಪ್ಪು ಹಾಕಿ ದೇವರ ಪಾತ್ರೆ ಬೆಳಗುವ ಹಾಗೆ ಗಿಲಕಿಯನ್ನು ಬೆಳಗಿದಳು. ಕಪ್ಪಿಟ್ಟಿದ್ದ ಮುಖ ಅರಿಶಿನ ಹಚ್ಚಿಕೊಂಡ ಮದುವಣಗಿತ್ತಿಯಂತೆ ಫಳಫಳ ಹೊಳೆಯಿತು. ಯತಿರಾಜ ಅದನ್ನು ಒಗೆದ ಪಂಚೆಯ ಮಡಿಕೆಯಲ್ಲಿ ಸುತ್ತಿ ಊಟದ ಮೇಜಿನ ಮೇಲಿಟ್ಟು, ಪಂಚೆಯ ಮೇಲೊಂದು ಸಲ ತಟ್ಟಿ, ಸ್ನಾನಕ್ಕೆ ಹೋದ. ತಪ್ಪಾದದ್ದು ಅಲ್ಲೇ.

ಅವರ ನೆತ್ತಿಯ ಮೇಲಿನ ಫ್ಲ್ಯಾಟಿನಲ್ಲಿ ಬೆಂಗಳೂರಿನ ಭಾನುಮತಿ ಆಂಟಿ ಇದ್ದರು. ಬಾಗಿಲು ತಟ್ಟುವುದಕ್ಕೂ ಒಳಗೆ ಬರುವುದಕ್ಕೂ ನಡುವೆ ಅವರು ಕಾಲಹರಣ ಮಾಡುವವರಲ್ಲ. ಅರುಂಧತಿಯನ್ನು ಲಲಿತಾ ಸಹಸ್ರನಾಮಕ್ಕೆ ಕರೆಯಲು ಬಂದವರ ಕಣ್ಣಿಗೆ ಪಂಚೆಯಿಂದ ಇಣುಕುತ್ತಿದ್ದ ಹಸುವಿನ ಕಿವಿ ಬಿತ್ತು.

"ಅರುಂಧತಿ, ಇದ್ಯಾವ ದೇವರೇ? ಕಾಮಧೇನುನಾ?"

"ಅಲ್ಲ ಆಂಟಿ, ಈಜಿಪ್ಟಿನದಂತೆ. ಹಾಥೋರ್ ಅಂತ. ಇವರ ಆಫೀಸಿನವರದು, ಮುಟ್ಟಬೇಡಿ ಅಂದಿದಾರೆ."

"ಹೆಸರೇನಾದ್ರೂ ಇರ್ಲಿ, ಹೆಣ್ಣು ದೇವರು ತಾನೆ? ಇವತ್ತು ಶುಕ್ರವಾರ ತಾನೆ? ಮನೆ ಬಾಗಿಲಿಗೆ ಬಂದ ದೇವಿನ ಬಟ್ಟೆಲಿ ಸುತ್ತಿ ಮೇಜಿನ ಮೇಲೆ ಬಿಸಾಡ್ತಾರಾ? ಐದೇ ನಿಮಿಷ ಕಣೆ. ನೀನೂ ಬಾ, ನೀನೇ ಕಾವಲಿರು."

ಭಾನುಮತಿ ಆಂಟಿಗೆ ಆಗುವುದಿಲ್ಲ ಎಂದು ಹೇಳಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅರುಂಧತಿ ಕಾವಲಿಗೆಂದೇ ಹಿಂದೆ ಹೋದಳು. ಹೋದ ತಕ್ಷಣ ಅವಳ ಕೈಗೆ ಸೌಟು ಕೊಟ್ಟು ಪಾಯಸ ತಳ ಹಿಡಿಯದಂತೆ ನೋಡಿಕೊಳ್ಳಲು ಅಡುಗೆಮನೆಗೆ ಕಳಿಸಿದರು.

ಇತ್ತ ಯತಿರಾಜ ತಲೆ ಒರೆಸುತ್ತ ಈಚೆ ಬಂದು ನೋಡಿದರೆ ಪಂಚೆ ಇದೆ, ಗಿಲಕಿ ಇಲ್ಲ. ವಸ್ತು ಕಳೆದು ಪಳಗಿದವನಾದ್ದರಿಂದ ಅವನು ಕೂಗಾಡಲಿಲ್ಲ. ಕ್ರಮವಾಗಿ ಸೋಫಾದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನಲ್ಲಿ, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ನೋಡಿದ. ವಾಷಿಂಗ್ ಮಷೀನಿನೊಳಗೆ ತಲೆ ತೂರಿಸಿದ್ದಾಗ ಮೇಲಿನ ಮನೆಯಿಂದ ಸಹಸ್ರನಾಮದ ರಾಗ ತೇಲಿಬಂತು. ಪ್ರತಿ ನಾಮಕ್ಕೂ ಶ್ಶ್‌ಝಲ್, ಶ್ಶ್‌ಝಲ್. ಮನೆಯ ಕೀಲಿ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆದು, ಅವನು ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡಿದ. ಅವನು ಗುಂಡಿ ಹಾಕಿಕೊಂಡು ಬಾಗಿಲು ತಟ್ಟುವಷ್ಟರಲ್ಲಿ ಸಹಸ್ರನಾಮ ಮುಗಿದಿತ್ತು.

"ಬನ್ನಿ ಯತಿರಾಜ್, ಸರಿಯಾದ ಹೊತ್ತಿಗೆ ಬಂದ್ರಿ. ಪ್ರಸಾದ ತಗೊಳ್ಳಿ," ಎಂದರು ಆಂಟಿ.

"ಆಂಟಿ, ಆ ಗಿಲಕಿ..."

"ಮೊದಲು ಪ್ರಸಾದ. ಆಮೇಲೆ ಮಾತು."

ಮಾತು ಬೇಗ ಬರಲೆಂದು ಯತಿರಾಜ ಬಟ್ಟಲಿನ ಪಾಯಸವನ್ನು ಒಂದೇ ಗುಟುಕಿಗೆ ಸುರಿದುಕೊಂಡ. ಅದು ಒಲೆಯಿಂದ ಆಗಷ್ಟೇ ಇಳಿದದ್ದು. ನಾಲಿಗೆ ಸುಟ್ಟು ಬದನೆಕಾಯಿಯಂತೆ ಊದಿತು.

"ಗಿಯಕಿ ಎಯ್ಯಿ ಆಂಟಿ?"

"ಗಿಲಕಿನಾ? ಕೆಳಗಡೆ ಅಫ್ರಾ ಬಂದಿದ್ಲು. ಪಾಪ, ಮಗು ಹಲ್ಲು ಬರ್ತಾ ಇದೆ ಅಂತ ಬೆಳಗಿಂದ ಒಂದೇ ಸಮ ಅಳ್ತಾ ಇತ್ತಂತೆ. ಇಲ್ಲಿಂದ ಈ ಸದ್ದು ಕೇಳಿದ್ದೇ ಗಪ್‌ಚಿಪ್ ಆಯ್ತಂತೆ. ಕೊಟ್ಟು ಕಳಿಸಿದೆ."

ಅಡುಗೆಮನೆಯಿಂದ ಸೌಟು ಹಿಡಿದು ಬಂದ ಅರುಂಧತಿ ಗಂಡನ ಮುಖ ನೋಡಿದಳು, ಆಂಟಿಯ ಖಾಲಿ ಕೈ ನೋಡಿದಳು, ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಅಫ್ರಾ ಮತ್ತು ಅವಳ ಗಂಡ ಅಝರ್ ಮಂಗಳೂರಿನ ಬ್ಯಾರಿಗಳು, ಕೆಳಗಿನ ಮಹಡಿಯವರು. ಅಫ್ರಾ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆಗೆದಳು. ತೊಟ್ಟಿಲಲ್ಲಿ ಮಗು ನಿದ್ದೆ ಹೋಗಿತ್ತು.

"ಗಿಯಕಿ," ಎಂದ ಯತಿರಾಜ.

"ಎಂತ ಗಿಯಕಿ ಅಣ್ಣ?"

ಅವನು ಕೈಯಲ್ಲಿ ಅಲ್ಲಾಡಿಸಿ ತೋರಿಸಿದ.

"ಓ, ಅದಾ. ಅದು ಭಜನೆಯ ಯಜ್ಞೇಶಣ್ಣನ ಹತ್ರ ಉಂಟು. ಮಗು ಮಲಗಿದ ಮೇಲೆ ಅವರು ಬಂದದ್ದು. ಪ್ರಾಕ್ಟೀಸಿಗೆ ಒಂದು ಗಂಟೆ ಹೊತ್ತು ಬೇಕು ಅಂತ ಹೇಳಿದ್ರು, ಅಝರ್ ಕೊಟ್ರು. ಈಗಷ್ಟೇ ಅಬು ಹಮೂರಿನ ಭಜನೆ ವಿಲ್ಲಾಕ್ಕೆ ಹೋದ್ರು. ನಿಮಗೆ ಸಿಗ್ಲಿಲ್ವಾ ಮೆಟ್ಟಿಲಲ್ಲಿ?"

ಯತಿರಾಜನ ಬಾಯಿಂದ ಒಂದು ನರಳಿಕೆ ಹೊರಟಿತು. ಮಗು ಕಣ್ಣು ಬಿಟ್ಟಿತು. ಅಪರಿಚಿತ ಮುಖ ಕಂಡು ಕಟ್ಟಡ ಅದುರುವ ಹಾಗೆ ಕಿರುಚಿತು.

"ಅಯ್ಯೋ ಅಣ್ಣ, ನೀವೇ ಏಳಿಸಿದ್ದಲ್ಲ, ನೀವೇ ಒಂದು ಗಳಿಗೆ ಹಿಡ್ಕೊಳ್ಳಿ. ಅಝರ್ ಮಸೀದಿಗೆ ಹೋಗಿದ್ದಾರೆ, ಒಲೆಯಲ್ಲಿ ಮೀನು ಉಂಟು."

ಮಗು ಅವನ ತೋಳಿಗೆ ಬಂತು. ಅಫ್ರಾ ಅಡುಗೆಮನೆಗೆ ಹೋದಳು. ಬೇರೆ ದಾರಿ ಕಾಣದೆ ಯತಿರಾಜ ಬಾಯಲ್ಲೇ "ಶ್ಶ್‌ಝಲ್" ಎಂದ. ಮಗು ಅಳು ನಿಲ್ಲಿಸಿ ಅವನ ಊದಿದ ನಾಲಿಗೆಯನ್ನೇ ನೋಡಿತು. ಅವನು ನಿಲ್ಲಿಸಿದ. ಮಗು ಶುರು ಮಾಡಿತು. ಹೀಗೆ ಶ್ಶ್‌ಝಲ್ ಅನ್ನುತ್ತ ಹಜಾರದಲ್ಲಿ ಸುತ್ತು ಹಾಕುತ್ತಿದ್ದಾಗ ಫೋನ್ ಬಂತು. ಶೌಕಿ. ತಾನೇ ಫೋನ್ ಮಾಡಬೇಡ ಎಂದವನು ತಾನೇ ಮಾಡಿದ್ದ.

"ಯತಿರಾಜ್, ಆ ಸಾಮಾನು ಏನಾಯ್ತು?"

"ಶ್ಶ್‌ಝಲ್. ಇದೆ ಸರ್. ಶ್ಶ್‌ಝಲ್."

"ಕೇಳಿಸ್ತಾ ಇದೆ. ಇನ್ನೂ ನಿನ್ನ ಹತ್ರಾನೇ ಇದೆಯಾ?"

"ಭದ್ರವಾಗಿದೆ ಸರ್. ಶ್ಶ್‌ಝಲ್."

ಶೌಕಿ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಪಾಪ, ಎಷ್ಟು ಆತಂಕವಿತ್ತೋ, ಈಗ ನೆಮ್ಮದಿಯಾಯಿತು ಎಂದುಕೊಂಡ ಯತಿರಾಜ. "ಸಂಜೆ ನಾನೇ..." ಎಂದು ಶುರು ಮಾಡುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಜುಮ್ಮಾ ನಮಾಜು ಮುಗಿಸಿ ಅಝರ್ ಬಂದು ಮಗುವನ್ನು ಎತ್ತಿಕೊಂಡಾಗ ಯತಿರಾಜನಿಗೆ ಬಿಡುಗಡೆಯಾಯಿತು. ಅವನು ಯಜ್ಞೇಶನಿಗೆ ಫೋನ್ ಹಚ್ಚುತ್ತಲೇ ಕಾರಿನತ್ತ ಓಡಿದ. ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಶುಕ್ರವಾರ ಅಬು ಹಮೂರಿಗೆ ಹೋಗುವುದೆಂದರೆ ಇರುವೆ ಸಾಲಿನಲ್ಲಿ ಹಿಂದಿನಿಂದ ಸೇರಿಕೊಂಡ ಹಾಗೆ. ಚರ್ಚುಗಳಿಗೆ ಬಂದವರ, ಚರ್ಚುಗಳಿಂದ ಹೊರಟವರ ಕಾರುಗಳು ರಸ್ತೆಯ ತುಂಬ. ಯತಿರಾಜ ಒಂದೇ ತಿರುವಿನಲ್ಲಿ ಮೂರು ಸಲ ಸುತ್ತಿದ. ಮೂರನೆಯ ಸಲ ದಾರಿ ತೋರಿಸುವ ಸ್ವಯಂಸೇವಕರು ಅವನನ್ನು ಒತ್ತಾಯದಿಂದ ಒಂದು ಪಾರ್ಕಿಂಗಿಗೆ ನುಗ್ಗಿಸಿ, ಮಲಯಾಳದಲ್ಲಿ ಸ್ವಾಗತ ಹೇಳಿ, ಕೈಗೊಂದು ಪ್ರಾರ್ಥನೆಯ ಹಾಳೆ ಕೊಟ್ಟರು. ಅಲ್ಲಿಂದ ಈಚೆ ಬರಲು ಅವನಿಗೆ ಅರ್ಧ ಮಧ್ಯಾಹ್ನ ಹಿಡಿಯಿತು.

ಕಡೆಗೂ ವಿಲ್ಲಾ ಸಿಕ್ಕಿತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ತಾಳದ ಸದ್ದು. ಕಾರ್ಕಳದ ಕಡೆಯ ಯಜ್ಞೇಶ ಒಂದು ಏಸಿ ಕಂಪನಿಯಲ್ಲಿ ಎಂಜಿನಿಯರ್, ವಾರಕ್ಕೊಂದು ದಿನ ಕುಣಿತ ಭಜನೆಯ ಗುರು. ಹಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸೊಂಟಕ್ಕೆ ಶಾಲು ಕಟ್ಟಿಕೊಂಡು ಸುತ್ತು ಹಾಕಿ ಕುಣಿಯುತ್ತಿದ್ದರು. ನಡುವೆ ಯಜ್ಞೇಶ, ಅವನ ಕೈಯಲ್ಲಿ ಹಾಥೋರ್ ದೇವಿ. ಫೋನುಗಳೆಲ್ಲ ಮೂಲೆಯ ಒಂದು ಬುಟ್ಟಿಯಲ್ಲಿ ತಮ್ಮಷ್ಟಕ್ಕೆ ಮಿನುಗುತ್ತಿದ್ದವು.

"ಯಜ್ಞೇಶ್," ಎಂದು ಕೂಗಿದ ಯತಿರಾಜ. ತಾಳದ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ.

ಸುತ್ತನ್ನು ದಾಟಿ ನಡುವಿಗೆ ಹೋಗಲು ಒಂದೇ ಉಪಾಯ, ಸುತ್ತಿಗೆ ಸೇರುವುದು. ಸೇರಿದ. ಎಡಕ್ಕೆರಡು ಹೆಜ್ಜೆ, ಬಲಕ್ಕೆರಡು ಹೆಜ್ಜೆ, ಬಾಗಿ ಒಂದು ಚಪ್ಪಾಳೆ. ಯಜ್ಞೇಶನ ಬೆನ್ನು ಹತ್ತಿರ ಬಂತು ಅನ್ನುವಾಗ ಸುತ್ತು ತಿರುಗಿತು. ಯತಿರಾಜ ಕಿಟಕಿಯ ಬಳಿ ಇದ್ದ. ಮತ್ತೆ ಹತ್ತಿರ ಬಂತು, ಕೈ ಚಾಚಿದ, ಎಲ್ಲರೂ ಬಾಗಿದರು, ಅವನ ಕೈಗೆ ಯಾರದೋ ಶಾಲು ಬಂತು. ಭಜನೆ ವೇಗ ಪಡೆಯಿತು. ಸುಟ್ಟ ನಾಲಿಗೆ, ಬೆವರಿದ ಅಂಗಿ, ಉರಿಯುವ ಕಣ್ಣು. ಹೀಗಿದ್ದರೂ ಯತಿರಾಜ ಹೆಜ್ಜೆ ತಪ್ಪಲಿಲ್ಲ, ಏಕೆಂದರೆ ತಪ್ಪಿದರೆ ಹಿಂದಿನವನು ತುಳಿಯುತ್ತಿದ್ದ.

ಹಾಡು ಮುಗಿದಾಗ ಯಜ್ಞೇಶ ಅವನ ಬೆನ್ನು ತಟ್ಟಿದ. "ಎಂತ ಮಾರಾಯ್ರೆ, ಮೈಸೂರಿನವರು ಇಷ್ಟು ಲಾಯ್ಕ ಕುಣೀತಾರಾ? ಮುಂದಿನ ವಾರದಿಂದ ನೀವು ಎದುರು ಸಾಲಿಗೆ."

"ಗಿಲಕಿ ಕೊಡಿ," ಎಂದ ಯತಿರಾಜ. ನಾಲಿಗೆ ಈ ಒಂದು ಪದಕ್ಕೆ ಹೇಗೋ ಹೊರಳಿತು.

ಕೊಟ್ಟ. ಯತಿರಾಜ ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದ. ಕಮಾನಿನಲ್ಲಿ ಒಂದು ಸರಳಿನ ಜಾಗ ಬರಿದಾಗಿತ್ತು.

ಅಷ್ಟೂ ಜನ ಮಂಡಿಯೂರಿ ಹಾಲನ್ನು ಜಾಲಾಡಿದರು. ಬಿಲ್ಲೆಗಳೆಲ್ಲ ಸಿಕ್ಕವು; ಒಂದು ಸೋಫಾದ ಸಂದಿಯಲ್ಲಿ, ಒಂದು ಯಾರದೋ ಶಾಲಿನ ಗಂಟಿನಲ್ಲಿ. ಸರಳು ಸಿಗಲಿಲ್ಲ. ಯತಿರಾಜ ಗೋಡೆಗೆ ಒರಗಿ ಕುಳಿತುಬಿಟ್ಟ. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು.

"ಮಂಡೆಬಿಸಿ ಮಾಡ್ಬೇಡಿ," ಎಂದ ಯಜ್ಞೇಶ. "ನಾನು ಮಾಡಿದ ಹಾಳು, ನಾನೇ ಸರಿ ಮಾಡ್ತೇನೆ." ಅವನು ಕಾರಿಗೆ ಹೋಗಿ ಒಂದು ಕೊಡೆ ತಂದ. ದೋಹಾದಲ್ಲಿ ಕೊಡೆ ಯಾಕೆ ಎಂದು ಯಾರೂ ಕೇಳಲಿಲ್ಲ. ಕರಾವಳಿಯವರ ಕಾರಿನಲ್ಲಿ ಕೊಡೆ ಇಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ಅದು. ಇಕ್ಕಳದಿಂದ ಒಂದು ಉಕ್ಕಿನ ಕಡ್ಡಿ ಮುರಿದು, ಬಿಲ್ಲೆಗಳನ್ನು ಪೋಣಿಸಿ, ಕಮಾನಿಗೆ ತೂರಿಸಿ, ತುದಿ ಬಗ್ಗಿಸಿ ಅಲ್ಲಾಡಿಸಿದ.

ಶ್ಶ್‌ಝಲ್ ಅಲ್ಲ, ಝಲಾಂಗ್ ಎಂದಿತು. ಕಿಟಕಿಯ ಹೊರಗೆ ಕೂತಿದ್ದ ಪಾರಿವಾಳಗಳು ಹಾರಿಹೋದವು.

"ಸ್ವಲ್ಪ ಜೋರಾಯ್ತು," ಎಂದ ಯಜ್ಞೇಶ. "ಗೊತ್ತಾಗ್ಲಿಕ್ಕಿಲ್ಲ."

ಲುಸೈಲ್‌ನ ಹೋಟೆಲಿಗೆ ಯತಿರಾಜ ತಲುಪಿದಾಗ ಹೊತ್ತು ಮುಳುಗಿ ಮದುವೆಯ ದೀಪಗಳು ಹತ್ತಿಕೊಂಡಿದ್ದವು. ಲಾಬಿಯಲ್ಲಿ ಡೋಲಿನವರು, ತುತ್ತೂರಿಯವರು ಮೆರವಣಿಗೆಗೆ ಸಿದ್ಧರಾಗಿ ನಿಂತಿದ್ದರು. ಬಿಳಿಯ ಉಡುಪಿನಲ್ಲಿ ಮದುಮಗಳು ಹಂಸದಂತೆ ನಿಂತು ನಗುತ್ತಿದ್ದಳು. ಅವಳ ಪಕ್ಕದಲ್ಲಿ ಮೂವರು ಹುಡುಗಿಯರು, ಅವಳ ತಂಗಿಯರು. ಎಲ್ಲರ ಮುಖದಲ್ಲೂ ಬೆಳಕು. ಒಂದು ಮೂಲೆಯ ಕುರ್ಚಿಯಲ್ಲಿ ಮಾತ್ರ ನೇರಳೆ ಬಣ್ಣದ ಉಡುಪಿನ ಒಬ್ಬ ಮುದುಕಿ ಬರಿದಾದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಶೌಕಿ ಅವರ ಮುಂದೆ ಬಗ್ಗಿ ನಿಂತು ಏನೋ ಸಮಾಧಾನ ಹೇಳುತ್ತಿದ್ದ.

ಇವರೇ ಆ ಅಜ್ಜಿ ಎಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಕೆದರಿದ ಕ್ರಾಪು, ಹೊರಬಂದ ಅಂಗಿ, ಸೊಂಟಕ್ಕೆ ಬಿಚ್ಚಲು ಮರೆತ ಶಾಲು, ಹಣೆಯಲ್ಲಿ ಭಾನುಮತಿ ಆಂಟಿ ಇಟ್ಟ ಕುಂಕುಮ, ಈ ವೇಷದಲ್ಲಿ ಯತಿರಾಜ ಅಮೃತಶಿಲೆಯ ನೆಲದ ಮೇಲೆ ಓಡಿಬಂದು ಗಿಲಕಿಯನ್ನು ಮುದುಕಿಯ ಎದುರು ಚಾಚಿದ.

"ಮೇಡಂ, ನಿಮ್ಮದು. ಭದ್ರವಾಗಿದೆ."

ಮುದುಕಿ ತಲೆ ಎತ್ತಿದರು. ಫಳಫಳ ಹೊಳೆಯುವ ಹಸುಕಿವಿಯ ಮುಖವನ್ನು ನೋಡಿದರು. ಅಲ್ಲಾಡಿಸಿದರು. ಝಲಾಂಗ್ ಎಂಬ ಸದ್ದಿಗೆ ಲಾಬಿಯ ಗಾಜಿನ ಗೊಂಚಲು ದೀಪ ನಡುಗಿತು.

"ಪಾಲಿಶ್ ಮಾಡಿದ್ದಕ್ಕೆ ದನಿಯೂ ಬಂದುಬಿಟ್ಟಿದೆ," ಎಂದರು ಅಜ್ಜಿ. ಅವರು ಎದ್ದು ನಿಂತಾಗ ವಯಸ್ಸು ಅರ್ಧಕ್ಕೆ ಇಳಿದಿತ್ತು. ಅವನ ಎರಡೂ ಕೆನ್ನೆ ಹಿಡಿದು ಅರಬಿಯಲ್ಲಿ ಹರಸಿದರು.

ಯತಿರಾಜ ಹೆಮ್ಮೆಯಿಂದ ಶೌಕಿಯತ್ತ ತಿರುಗಿದ. ಶೌಕಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಯತಿರಾಜ ಮದುಮಗಳ ಮುಖ ನೋಡಿದ. ಅಲ್ಲಿದ್ದ ನಗು ಹಾರಿಹೋಗಿತ್ತು. ತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು.

ಶೌಕಿ ಅವನ ರಟ್ಟೆ ಹಿಡಿದು ಹೂವಿನ ಅಲಂಕಾರದ ಹಿಂದಕ್ಕೆ ಎಳೆದ.

"ಇವತ್ತು ತಗೊಂಡು ಬಾ ಅಂತ ನಿನಗೆ ಯಾರು ಹೇಳಿದ್ರು?"

"ಸರ್, ಅಜ್ಜಿಯ ಪ್ರಾಣ ಅಂದ್ರಲ್ಲ..."

"ಅಜ್ಜಿಯ ಪ್ರಾಣ, ಮನೆಯವರಿಗೆಲ್ಲ ಪ್ರಾಣಸಂಕಟ. ಆಕೆ ನಿವೃತ್ತ ಇತಿಹಾಸ ಟೀಚರ್. ಮನೆಯಲ್ಲಿ ಯಾರ ಮದುವೆಯಾದ್ರೂ ಮೆರವಣಿಗೆ ನಿಲ್ಲಿಸಿ ಇದನ್ನು ಅಲ್ಲಾಡಿಸಿ ಪಾಠ ಶುರು ಮಾಡ್ತಾರೆ. ಹೋದ ಮದುವೆಯಲ್ಲಿ ದೆಂಡೆರಾದ ಹಾಥೋರ್ ಗುಡಿಯ ಕಂಬಗಳಿಂದ ರೋಮಿನವರೆಗೆ ಹೋಗೋಷ್ಟರಲ್ಲಿ ಊಟಕ್ಕಿಟ್ಟ ಕುರಿ ತಣ್ಣಗಾಯ್ತು, ಮದುಮಗನ ಅಪ್ಪ ಗೊರಕೆ ಹೊಡೆದ್ರು. ಈ ಮದುಮಗಳು ನನ್ನ ಕಾಲು ಹಿಡಿದುಕೊಳ್ಳೋದೊಂದು ಬಾಕಿ ಇತ್ತು. ಅಂಕಲ್, ಒಂದು ಸಂಜೆ ಮಟ್ಟಿಗೆ ಅದು ಎಲ್ಲಾದ್ರೂ ಕಳೆದುಹೋಗಲಿ ಅಂತ ಬೇಡಿದ್ಲು."

ಯತಿರಾಜನಿಗೆ ನಿಧಾನವಾಗಿ ಅರ್ಥವಾಗತೊಡಗಿತು. "ಅದಕ್ಕೆ ನನಗೆ ಕೊಟ್ರಾ?"

"ಇನ್ಯಾರಿಗೆ ಕೊಡಲಿ? ವಸ್ತು ಕಳೆಯೋದ್ರಲ್ಲಿ ನಿನ್ನಷ್ಟು ನಂಬಿಕಸ್ತ ಮನುಷ್ಯ ಇಡೀ ಕತಾರ್‌ನಲ್ಲಿ ಇದಾನಾ? ಏಣಿ ಕಳೆದವನು, ಇಷ್ಟು ಸಣ್ಣ ಸಾಮಾನು ಕಳೆಯೋಕೆ ಆಗ್ಲಿಲ್ವಾ ನಿನಗೆ? ಖಲಾಸ್. ಎಲ್ಲಾ ಮುಗೀತು."

ಮುಗಿದಿರಲಿಲ್ಲ, ಆಗಷ್ಟೇ ಶುರುವಾಗಿತ್ತು. ಮೆರವಣಿಗೆಯ ಮುಂದೆ ಅಜ್ಜಿ ನಿಂತು ಗಿಲಕಿ ಎತ್ತಿದರು. ಹಾಥೋರ್ ಸಂಗೀತಕ್ಕೆ, ಕುಣಿತಕ್ಕೆ, ಸಂತೋಷಕ್ಕೆ ದೇವಿ ಎಂದರು. ಝಲಾಂಗ್. ಡೋಲಿನವನೊಬ್ಬ ತಡೆಯಲಾರದೆ ಒಂದು ಪೆಟ್ಟು ಹಾಕಿದ. ಅಜ್ಜಿಗೆ ಅದು ಹಿಡಿಸಿತು. ಕೆಡುಕನ್ನು ಓಡಿಸಲು ಇದನ್ನು ಆಡಿಸುತ್ತಿದ್ದರು ಎಂದರು. ಝಲಾಂಗ್, ಧಮ್. ಉಳಿದ ಡೋಲುಗಳೂ ಸೇರಿಕೊಂಡವು. ನೆಂಟರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಷ್ಟೂ ಪಾಠ ಉದ್ದವಾಯಿತು. ದೆಂಡೆರಾ ದಾಟಿ ರೋಮ್ ತಲುಪುವ ಹೊತ್ತಿಗೆ ಈ ಸಲದ ಮದುಮಗನ ಅಪ್ಪ ನಿದ್ದೆ ಮಾಡುವ ಬದಲು ಭುಜ ಕುಣಿಸುತ್ತಿದ್ದರು. ಮದುಮಗಳು ಮೊದಲು ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು, ಕೊನೆಗೆ ಉಡುಪಿನ ನೆರಿಗೆ ಎತ್ತಿ ಹಿಡಿದು ಅಜ್ಜಿಯ ಜೊತೆ ಕುಣಿದಳು. ಕುರಿ ಮಾತ್ರ ಈ ಸಲವೂ ತಣ್ಣಗಾಯಿತು.

ಎಲ್ಲ ಒಳ್ಳೆಯದಾಯಿತು ಎಂದು ಯತಿರಾಜ ಹೂವಿನ ಅಲಂಕಾರದ ಮರೆಯಿಂದ ಈಚೆ ಬಂದ. ಅಜ್ಜಿ ಅವನನ್ನು ಕಂಡದ್ದೇ ಕೈ ಹಿಡಿದು ಎಲ್ಲರ ಎದುರು ನಿಲ್ಲಿಸಿದರು.

"ನನ್ನ ಮನೆಯವರು ಯೋಗ್ಯರಲ್ಲ," ಎಂದರು ಅವರು ಇಂಗ್ಲಿಷಿನಲ್ಲಿ, ಹಾಜರಿ ಕೂಗುವ ದನಿಯಲ್ಲಿ. "ಪ್ರತಿ ಮದುವೆಯ ದಿನವೂ ಈ ಸಿಸ್ಟ್ರಮ್ ಮಾಯವಾಗುತ್ತದೆ. ಒಂದು ಸಲ ಕೊಳೆಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿತು, ಒಂದು ಸಲ ಓವನ್ನಿನಲ್ಲಿ. ಇವತ್ತಿನಿಂದ ಇದು ಈ ಮನುಷ್ಯನ ಬಳಿ ಇರುತ್ತದೆ. ಇನ್ನು ಮೂವರು ಮೊಮ್ಮಕ್ಕಳ ಮದುವೆ ಇದೆ. ಮೂರಕ್ಕೂ ಇವರೇ ತರುತ್ತಾರೆ."

ಗಿಲಕಿ ಯತಿರಾಜನ ಕೈಗೆ ಮರಳಿ ಬಂತು. ಮೂವರು ತಂಗಿಯರೂ ಸಾಲಾಗಿ ನಿಂತು ಅವನನ್ನು ನೋಡಿದರು. ಶೌಕಿ ಹತ್ತಿರ ಬಂದು, ಮುಖದಲ್ಲಿ ನಗು ಇಟ್ಟುಕೊಂಡೇ, ಅವನ ಕಿವಿಯಲ್ಲಿ ಹೇಳಿದ: "ಮುಂದಿನ ಮದುವೆ ಬರೋ ತಿಂಗಳು. ಅಷ್ಟರಲ್ಲಿ ಇದು ಕಳೆಯದೇ ಇದ್ರೆ ನಿನಗೆ ಇಲ್ಲಿ ಕೆಲಸ ಮಾಫಿ, ಇಲ್ಲವೇ ಇಲ್ಲ."

ಯತಿರಾಜ ಯೋಚಿಸಿದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಅಭ್ಯಾಸವಿದ್ದ ಕೆಲಸವನ್ನೇ ಕೊಟ್ಟಿದ್ದರು. ಅವನು ಗಿಲಕಿಯನ್ನು ಲಾಬಿಯ ಸೋಫಾದ ಮೇಲೆ ಬಿಟ್ಟು ಹಗುರವಾಗಿ ನಡೆದ. ಬಾಗಿಲು ದಾಟುವ ಮೊದಲೇ ಒಬ್ಬ ವೇಟರ್ ಏದುಸಿರು ಬಿಡುತ್ತ ಓಡಿಬಂದ. "ಸರ್, ನಿಮ್ಮದು." ಕಾರಿನ ಕೀಲಿ ಪಡೆಯುವ ಕಟ್ಟೆಯ ಮೇಲೆ ಮರೆತು ಬಂದ. ಕೀಲಿ ಕೊಟ್ಟ ಹುಡುಗಿ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಓಡಿಬಂದು ತಲುಪಿಸಿದಳು. ಕೊನೆಗೆ ಕಾರಿನ ನೆತ್ತಿಯ ಮೇಲೆ ಇಟ್ಟು, ಕಣ್ಣು ಮುಚ್ಚಿ ತೆರೆದು, ಗಾಡಿ ಹೊರಡಿಸಿದ.

ಮೊದಲ ಸಿಗ್ನಲ್ಲಿನಲ್ಲೇ ಪಕ್ಕದ ದೊಡ್ಡ ಗಾಡಿಯಿಂದ ದಿಶ್‌ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ ಹಿರಿಯರೊಬ್ಬರು ಕೆಂಪು ದೀಪ ಇರುವಾಗಲೇ ಇಳಿದು ಬಂದರು. ಕಾರಿನ ನೆತ್ತಿಯಿಂದ ಗಿಲಕಿ ತೆಗೆದು ಕಿಟಕಿಯೊಳಗೆ ಚಾಚಿದರು.

"ಇಷ್ಟು ಚೆಂದದ ವಸ್ತು. ಬಿದ್ದಿದ್ದರೆ ಏನು ಗತಿ? ಜೋಪಾನ ಮಾಡು ಮಗಾ," ಎಂದು ಹಿಂದಿಯಲ್ಲಿ ಬುದ್ಧಿ ಹೇಳಿ, ಅವನ ಪಕ್ಕದ ಸೀಟಿನಲ್ಲಿ ಅದನ್ನು ನೇರವಾಗಿ ಕೂರಿಸಿ, ಜಾರದಿರಲೆಂದು ಸೀಟ್ ಬೆಲ್ಟನ್ನೂ ಹಾಕಿ ಹೋದರು.

ಹಸಿರು ದೀಪ ಬಂತು. ರಸ್ತೆಯ ಪ್ರತಿ ಉಬ್ಬಿನಲ್ಲೂ ಹಾಥೋರ್ ದೇವಿ ಝಲಾಂಗ್ ಎಂದಳು. ಅಲ್ ಗರಾಫಾದ ತಿರುವು ಬರುವಷ್ಟರಲ್ಲಿ ಯತಿರಾಜನ ಬೆರಳುಗಳು ಸ್ಟಿಯರಿಂಗಿನ ಮೇಲೆ ತಮ್ಮಷ್ಟಕ್ಕೆ ತಾವೇ ತಾಳ ಹಾಕುತ್ತಿದ್ದವು.